ನಿಂತ ಅಳತೆ

ಜನವರಿ 12

ಪ್ರೀತಿಯ ಇಕ್ಕಳ,

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿರುತ್ತದೆ. ಒತ್ತು, ದೀರ್ಘ ಎಲ್ಲೆಲ್ಲಿ ಬಿಟ್ಟುಹೋಗಿವೆಯೋ ನನಗೇ ತಿಳಿಯುವುದಿಲ್ಲ. ನಾಲ್ಕನೇ ತರಗತಿ ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಹೊಲಿಗೆ ಗಿರಾಕಿಗಳ ಅಳತೆ ಮಾತ್ರ. ಇಂಜಿನಿಯರಿಗೆ ಕಾಗದ ಬರೆಯುತ್ತಿದ್ದೇನೆ ಎಂದು ನೆನಪಾದಾಗಲೆಲ್ಲ ಅಂಗೈ ಬೆವರುತ್ತದೆ. ತಪ್ಪು ಕಂಡಲ್ಲಿ ನೀನು ನಗು, ಆದರೆ ಇನ್ನೊಬ್ಬರಿಗೆ ತೋರಿಸಬೇಡ.

ಇಲ್ಲಿಂದ ಅತ್ತೆ ಹೇಳಿ ಬರೆಸುತ್ತಿರುವುದು.

"ಮಗಳೇ, ಚೆನ್ನಾಗಿದ್ದೀಯಾ. ಫೋನಿನಲ್ಲಿ ಹೇಳಿದ್ರೆ ಹೂಂ ಹೂಂ ಅಂದು ಇಟ್ಬಿಡ್ತೀಯ, ಅದಕ್ಕೇ ಬರೆಸ್ತಿದೀನಿ. ಹಡಗು ಕಟ್ಟೋಕೆ ಊರಲ್ಲಿ ಗಂಡಸರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಬೀದಿ ಶಾಲೆಯಲ್ಲಿ ಲೆಕ್ಕದ ಮೇಷ್ಟರು ಬಿಟ್ಟುಹೋದ್ರು. ದೊಡ್ಡ ಟೀಚರಮ್ಮ ದಿನಾ ನಿನ್ನನ್ನ ಕೇಳ್ತಾರೆ. ಬೇಸಿಗೆ ಮುಗಿಯೋವರೆಗೂ ಆ ಜಾಗ ಖಾಲಿ ಇಟ್ಟಿರ್ತಾರಂತೆ. ಓದಿದ್ದು ಆಯ್ತು, ಹೋಗಿ ನೋಡಿದ್ದೂ ಆಯ್ತು, ಬಾ. ಅಮ್ಮ."

ಅತ್ತೆ ಎದ್ದು ಒಳಗೆ ಹೋದರು. ಇನ್ನು ನಾನು.

ನೀನು ಹೋದ ಮೇಲೆ ಮನೆಯಲ್ಲಿ ಮಾತು ಕಡಿಮೆಯಾಗಿದೆ. ನಿಮ್ಮಣ್ಣ ಒಳ್ಳೆಯವರೇ, ಆದರೆ ಊಟಕ್ಕೆ ಕೂತರೆ ತಟ್ಟೆಯ ಜೊತೆ ಮಾತಾಡುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ "ಇಕ್ಕಳ ಎಲ್ಲಿ?" ಎಂದು ಕೂಗಿದಾಗ, ಒಲೆ ಹತ್ತಿರದ ಇಕ್ಕಳ ಹಿಡಿದು ಓಡಿದ್ದೆನಲ್ಲ? ಹಿಡಿದದ್ದನ್ನು ಬಿಡದ ಮಗಳಿಗೆ ಅವರು ಇಟ್ಟ ಹೆಸರು ಎಂದು ನನಗೇನು ಗೊತ್ತು! ನೀನು ನಕ್ಕೂ ನಕ್ಕೂ ಗೋಡೆಗೆ ಒರಗಿದ್ದೆ. ಈ ಮನೆ ನನ್ನದೂ ಹೌದು ಎಂದು ಅನ್ನಿಸಿದ್ದು ಅವತ್ತು.

ಬಾ ಎಂದು ಅತ್ತೆ ಬರೆಸಿದ್ದಾರೆ. ನಾನು ಬೇರೆಯಾಗಿ ಬರೆಯುವುದಿಲ್ಲ.

ನಿನ್ನ ಅತ್ತಿಗೆ


ಫೆಬ್ರವರಿ 3

ಅತ್ತಿಗೆ,

ನಿಮ್ಮ ಅಕ್ಷರಕ್ಕೇನಾಗಿದೆ? ಇಲ್ಲಿಯ ವೈದ್ಯರ ಚೀಟಿ ನೋಡಿದರೆ ನಿಮ್ಮದು ಮುತ್ತು. ಹೌದು, ವೈದ್ಯರ ಹತ್ತಿರ ಹೋಗಿದ್ದೆ. ಈ ಕಾಗದವನ್ನು ಅಮ್ಮನಿಗೆ ಓದಿ ಹೇಳುವಾಗ ಇಲ್ಲಿಂದ ಮುಂದಕ್ಕೆ ಹಾರಿಬಿಡಿ. "ಚೆನ್ನಾಗಿದ್ದಾಳಂತೆ, ಹೊಟ್ಟೆ ತುಂಬ ತಿನ್ನುತ್ತಾಳಂತೆ" ಅನ್ನಿ.

ನಮಗೆ ಇಲ್ಲಿ ಕೆಲಸದ ಉಡುಪು ಅಂತ ಕತ್ತಿನಿಂದ ಕಾಲಿನವರೆಗೆ ಒಂದೇ ತುಂಡಿನದು ಕೊಡುತ್ತಾರೆ. ಬಾಯ್ಲರ್ ಸೂಟ್ ಅನ್ನುತ್ತಾರೆ. ಅದಿಲ್ಲದೆ ಹಡಗಿನೊಳಗೆ ಯಾರೂ ಇಳಿಯುವಂತಿಲ್ಲ. ನನಗೆ ಕೊಟ್ಟದ್ದರಲ್ಲಿ ನಮ್ಮಣ್ಣನೂ ನಾನೂ ಇಬ್ಬರೂ ಹಿಡಿಸುತ್ತೇವೆ. ಉಗ್ರಾಣದವರನ್ನು ಕೇಳಿದೆ. "ಇದೇ ಮೇಡಂ ಚಿಕ್ಕದು. ಗಂಡಸರಲ್ಲಿ ಚಿಕ್ಕದು," ಎಂದರು. ಮೊದಲ ದಿನವೇ ಮೇಸ್ತ್ರಿ ಎಲ್ಲರೆದುರು, "ಏನಮ್ಮಾ, ನಿಮ್ಮಪ್ಪನ ಪ್ಯಾಂಟ್ ಹಾಕ್ಕೊಂಡು ಬಂದ್ಯಾ?" ಎಂದ. ನಾನೂ ನಕ್ಕೆ. ನಗದೆ ಏನು ಮಾಡಲಿ?

ನಗುವ ವಿಷಯ ಅದಲ್ಲ ಅತ್ತಿಗೆ. ಕಾಲ ಕವಲು ಮೊಣಕಾಲಿನ ಹತ್ತಿರ ಜೋಲುತ್ತದೆ, ಏಣಿ ಹತ್ತುವಾಗ ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತದೆ. ಶೌಚಾಲಯಕ್ಕೆ ಹೋದರೆ ಇಡೀ ಉಡುಪನ್ನು ಭುಜದಿಂದ ಕಳಚಬೇಕು. ಹೆಂಗಸರಿಗೆ ಇರುವುದು ಕಚೇರಿಯ ಹಿಂದೆ ಒಂದೇ, ಅದೂ ದೂರ. ಹೋಗಿ ಬರುವಷ್ಟರಲ್ಲಿ "ಮೇಡಂ ಸವಾರಿ ಹೋಯ್ತು" ಎಂದು ಶುರುವಾಗುತ್ತದೆ. ಅದಕ್ಕೆ ನಾನು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ. ಜ್ವರ ಬಂತು, ಉರಿ ಶುರುವಾಯಿತು. ವೈದ್ಯರು "ನೀರು ಕುಡೀತೀರೋ ಇಲ್ವೋ?" ಎಂದು ಗದರಿದರು.

ಈಗ ಪರವಾಗಿಲ್ಲ. ಆದರೆ ಏಪ್ರಿಲ್ ಕೊನೆಗೆ ನನ್ನ ತರಬೇತಿ ಮುಗಿಯುತ್ತದೆ. ಅಷ್ಟರೊಳಗೆ ಹಡಗಿನ ಹೊಟ್ಟೆಯಲ್ಲಿರುವ ತೊಟ್ಟಿಗಳಿಗೆಲ್ಲ ಇಳಿದು ಬೆಸುಗೆ ಪರೀಕ್ಷೆ ಮಾಡಿದ್ದಾಳೆ ಎಂದು ಮೇಸ್ತ್ರಿ ಒಪ್ಪಬೇಕು. ಇಲ್ಲದಿದ್ದರೆ ಇಂಜಿನಿಯರ್ ಎಂದು ಉಳಿಸಿಕೊಳ್ಳುವುದಿಲ್ಲ, ಮನೆಗೆ ಕಳಿಸುತ್ತಾರೆ.

ವರ್ಷಕ್ಕೆ ಎರಡೇ ಉಡುಪು. ಹೊರಗಿನ ಬಟ್ಟೆ ಹಾಕುವಂತಿಲ್ಲ, ಇದನ್ನೇ ಚಿಕ್ಕದು ಮಾಡಬಹುದು. ಒಂದನ್ನು ಕಳಿಸುತ್ತಿದ್ದೇನೆ. ನನ್ನ ಅಳತೆ ನಿಮ್ಮ ಹತ್ತಿರ ಇದೆಯಲ್ಲ?

ನಿಮ್ಮ ಇಕ್ಕಳ

(ವಯಸ್ಸಿನಲ್ಲಿ ನಿಮಗಿಂತ ದೊಡ್ಡವಳು, ಸಂಬಂಧದಲ್ಲಿ ಚಿಕ್ಕವಳು. ಅದಕ್ಕೇ ಕೆಲಸ ಹಚ್ಚುವ ಧೈರ್ಯ.)


ಫೆಬ್ರವರಿ 16

ಪ್ರೀತಿಯ ಇಕ್ಕಳ,

ಹೇಳಿದ ಕಡೆ ಹಾರಿದೆ. ಓದುತ್ತ ಓದುತ್ತ ನಡುವೆ ಉಗುಳು ನುಂಗಿದ್ದಕ್ಕೆ ಅತ್ತೆ "ಏನು?" ಎಂದರು. "ಅಕ್ಷರ ಅಂಟಿಕೊಂಡಿದೆ ಅತ್ತೆ" ಎಂದೆ.

ನಿನಗೆ ಇಂಥದ್ದು ಆಗಿದ್ದು ಓದಿ ನನಗೆ ಅಳು ಬಂತು. ಆಮೇಲೆ ಆ ಉಡುಪನ್ನು ಬಿಡಿಸಿ ನೋಡಿದೆ, ಅಳು ನಿಂತಿತು. ಎಂಥ ಬಟ್ಟೆ ಮಾರಾಯ್ತಿ! ಗೋಣಿಯ ಹಾಗೆ ದಪ್ಪ, ಆದರೆ ನೇಯ್ಗೆ ಎಷ್ಟು ಸಮ! ಹೊಲಿಗೆ ಬಿಚ್ಚುವಾಗಲೇ ಎರಡು ಸೂಜಿ ಮುರಿದವು. ಪೂರ್ತಿ ಬಿಚ್ಚಿ, ನಿನ್ನ ಅಳತೆ ಹಾಕಿ, ಮತ್ತೆ ಕತ್ತರಿಸಿದೆ. ಸೊಂಟಕ್ಕೆ ಹಿಡಿಸಿದ್ದೇನೆ, ಭುಜ ಸರಿಯಾಗಿ ಭುಜದ ಮೇಲೇ ಕೂರುತ್ತದೆ, ತೋಳು ಮಣಿಕಟ್ಟಿಗೆ ನಿಲ್ಲುತ್ತದೆ. ಇನ್ನೊಂದನ್ನೂ ಮಾಡಿದ್ದೇನೆ, ಬರೆಯಲು ನಾಚಿಕೆ. ಹಿಂಭಾಗದಲ್ಲಿ ಸೊಂಟಪಟ್ಟಿಯ ಕೆಳಗೆ ಅಡ್ಡಕ್ಕೆ ಬಿಚ್ಚುವ ಹಾಗಿದೆ, ಮಗುವಿನ ಚಡ್ಡಿಗೆ ಮಾಡುತ್ತೇವಲ್ಲ, ಹಾಗೆ. ಮೇಲೆ ಪಟ್ಟಿ ಮುಚ್ಚುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಭುಜದಿಂದ ಕಳಚಬೇಕಿಲ್ಲ. ಗುಂಡಿ ಲೋಹದ್ದಲ್ಲ, ಬೆಂಕಿಯ ಹತ್ತಿರ ಕಾದೀತು ಎಂದು ಬಟ್ಟೆಯಲ್ಲೇ ಕಟ್ಟಿದ್ದು.

ಕನ್ನಡಿ ಮುಂದೆ ನನ್ನ ಮೈಗೆ ಹಿಡಿದು ನೋಡಿಕೊಂಡೆ. ನಿಮ್ಮಣ್ಣ ಬಂದು, "ಯಾರು ಇನ್ಸ್‌ಪೆಕ್ಟರಾ?" ಎಂದರು. ಈ ತಿಂಗಳಲ್ಲಿ ಅವರು ಆಡಿದ ಒಂದೇ ತಮಾಷೆ.

ಅತ್ತೆ ಬರೆಸಿದ್ದು: "ಬಾ."

ನಿನ್ನ ಅತ್ತಿಗೆ


ಮಾರ್ಚ್ 2

ಅತ್ತಿಗೆ,

ಮೊದಲು ಸಿಹಿ ಸುದ್ದಿ. ನೀವು ಹೊಲಿದದ್ದನ್ನು ಹಾಕಿಕೊಂಡು ಬೆಳಿಗ್ಗೆ ಗೇಟಿನೊಳಗೆ ಬಂದಾಗ ಮೇಸ್ತ್ರಿ ಮೇಲಿಂದ ಕೆಳಗೆ ನೋಡಿ ಏನೂ ಅನ್ನಲಿಲ್ಲ. ಏನೂ ಅನ್ನದಿರುವುದು ಅವನ ಬಾಯಲ್ಲಿ ದೊಡ್ಡ ಹೊಗಳಿಕೆ. ಅವತ್ತು ಎರಡು ಲೋಟ ನೀರು ಕುಡಿದೆ.

ಇನ್ನು ಕಹಿ. ತೊಟ್ಟಿಗೆ ಇಳಿಯುವ ಬಾಯಿ ಮೊಟ್ಟೆಯಾಕಾರದ ತೂತು, ಅಷ್ಟೇ. ಎರಡೂ ಕೈ ಮೇಲೆತ್ತಿ, ಮೈ ಸಣ್ಣ ಮಾಡಿಕೊಂಡು ಜಾರಬೇಕು. ಕೈ ಎತ್ತಿದೆ. ಅರ್ಧಕ್ಕೇ ನಿಂತವು. ಕಂಕುಳು ಹಿಡಿದುಕೊಂಡು, ಇಡೀ ಉಡುಪು ಮೇಲಕ್ಕೆ ಎಳೆದು, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಬಾಟಲಿಗೆ ಬಿರಡೆ ಹಾಕಿದ ಹಾಗೆ ಸಿಕ್ಕಿಕೊಂಡೆ. ಒದ್ದಾಡಿದೆ, ಉಡುಪಿನ ಬೆನ್ನು ಕತ್ತಿನಿಂದ ಸೊಂಟದವರೆಗೆ ಹರಿಯಿತು. ಇಬ್ಬರು ಭುಜ ಹಿಡಿದು ಎಳೆದರು. "ಇಂಜಿನಿಯರಮ್ಮ ದಪ್ಪ ಆದ್ರು" ಎಂದು ಯಾರೋ ಅಂದರು. ಮೇಸ್ತ್ರಿ ಅವರ ಬಾಯಿ ಮುಚ್ಚಿಸಿ, ನನಗೆ ತನ್ನ ಕೋಟು ಕೊಟ್ಟು, "ಇದು ಆಗೋ ಕೆಲಸ ಅಲ್ಲ ಕಣಮ್ಮ, ಹಟ ಬಿಡು," ಎಂದ. ಗದರಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದ.

ನಿಮ್ಮ ಹೊಲಿಗೆ ಬಿಟ್ಟಿಲ್ಲ ಅತ್ತಿಗೆ, ಬಟ್ಟೆಯೇ ಹರಿದದ್ದು. ಹರಿದದ್ದನ್ನೂ ಉಳಿದ ಇನ್ನೊಂದನ್ನೂ ಕಳಿಸುತ್ತಿದ್ದೇನೆ. ಉಡುಪು ವಾಪಸ್ ಬರುವವರೆಗೆ ನನ್ನನ್ನು ಕಚೇರಿಯಲ್ಲಿ ನಕ್ಷೆಗಳಿಗೆ ಸಂಖ್ಯೆ ಹಾಕಲು ಕೂರಿಸಿದ್ದಾರೆ. ಇದೂ ಆಗದಿದ್ದರೆ ಬಂದುಬಿಡುತ್ತೇನೆ. ಲೆಕ್ಕದ ಟೀಚರ್ ಆಗುತ್ತೇನೆ. ಅಮ್ಮ ಗೆದ್ದ ಹಾಗಾಯಿತು. ಸಂಜೆ ಹೊತ್ತು ನಾವಿಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂತು ಹರಟಬಹುದು, ಅದೂ ಒಂದು ಬದುಕೇ.

ನಿಮ್ಮ ಇಕ್ಕಳ


ಮಾರ್ಚ್ 13

ಪ್ರೀತಿಯ ಇಕ್ಕಳ,

ಹರಿದ ಉಡುಪನ್ನು ಮೇಜಿನ ಮೇಲೆ ಹಾಸಿ ಒಂದು ಮಧ್ಯಾಹ್ನ ಪೂರ್ತಿ ನೋಡುತ್ತ ಕೂತೆ. ತಪ್ಪು ನನ್ನದೇ. ನಮ್ಮಲ್ಲಿ ಹೆಂಗಸರ ಅಳತೆ ಹೇಗೆ ತೆಗೆಯುತ್ತೇವೆ ಗೊತ್ತಲ್ಲ? "ನೆಟ್ಟಗೆ ನಿಂತ್ಕೋ, ಕೈ ಕೆಳಗೆ ಬಿಡು, ಉಸಿರು ಬಿಡು." ನನಗೆ ಕಲಿಸಿದ ಚಿಕ್ಕಮ್ಮ ಹಾಗೇ ತೆಗೆಯುತ್ತಿದ್ದಳು, ನಾನೂ ಹಾಗೇ. ನಿನ್ನ ಅಳತೆಯೂ ಹಾಗೆ ತೆಗೆದದ್ದು, ನಿಮ್ಮಣ್ಣನ ಸ್ನೇಹಿತರ ಮನೆ ಮದುವೆಗೆ ಚೂಡಿದಾರ ಹೊಲಿಯುವಾಗ. ನಿಂತು ಫೋಟೋ ತೆಗೆಸಿಕೊಳ್ಳುವವಳಿಗೆ ಹೊಲಿದುಬಿಟ್ಟೆ ನಾನು.

ಮರುದಿನ ನಿಮ್ಮಣ್ಣನ ಹಳೆಯ ಪ್ಯಾಂಟು ಹಾಕಿಕೊಂಡು ಊಟದ ಮೇಜಿನ ಕೆಳಗೆ ತೆವಳಿದೆ. ಎಲ್ಲಿ ಎಳೆಯುತ್ತದೆ, ಎಲ್ಲಿ ಸುಕ್ಕು ನಿಲ್ಲುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಅತ್ತೆಯ ಕಾಲುಗಳು ಬಂದು ನಿಂತವು.

"ಏನು ಬಿದ್ದುಹೋಯ್ತು?"

"ಏನಿಲ್ಲ ಅತ್ತೆ."

"ಏನಿಲ್ಲಕ್ಕೆ ಯಾಕೆ ಪ್ಯಾಂಟ್ ಹಾಕಿದೀಯ?"

"ಬಾಗಿದ್ರೆ ಎಷ್ಟು ಬಟ್ಟೆ ಬೇಕು ಅಂತ ನೋಡ್ತಿದೀನಿ."

ಅತ್ತೆ ಬಗ್ಗಿ ನನ್ನ ಮುಖ ನೋಡಿದರು. "ಮಗಳು ಹೋದ್ಲು ಅಂತ ಸೊಸೆಗೂ ಹುಚ್ಚು ಹಿಡೀತಾ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಹೊರಟುಹೋದರು. ಸಂಜೆ ನಿಮ್ಮಣ್ಣನಿಗೆ ಏನು ಹೇಳಿದರೋ, ಅವರು ನನ್ನ ಹಣೆ ಮುಟ್ಟಿ ನೋಡಿದರು.

ಆದರೆ ಮೇಜಿನ ಕೆಳಗೆ ಎಷ್ಟು ತೆವಳಿದರೂ ನಾನು ಇಳಿಯುವುದು ಹಡಗಿಗಲ್ಲ. ನೀನೇ ಬರಿ. ಒಳಗೆ ಹೇಗೆ ಕೂರುತ್ತೀಯ? ಯಾವ ಮೊಣಕಾಲು ಊರುತ್ತೀಯ? ದೀಪ ಯಾವ ಕೈಯಲ್ಲಿ? ತಲೆ ಎತ್ತಿ ಕೆಲಸವೋ, ಬಗ್ಗಿಯೋ? ಎಲ್ಲ ಬರಿ. ನೋಡಿದ ಹಾಗಾಗಬೇಕು.

ನಿನ್ನ ಅತ್ತಿಗೆ

ಅತ್ತೆ: "ಬಾ. ದೊಡ್ಡ ಟೀಚರಮ್ಮ ಮತ್ತೆ ಕೇಳಿದ್ರು."


ಮಾರ್ಚ್ 21

ಅತ್ತಿಗೆ,

ಎರಡು ತಿಂಗಳಿಂದ ಎಲ್ಲರೂ ಕೇಳುತ್ತಿರುವುದು "ಆಗುತ್ತಾ, ಆಗಲ್ವಾ" ಎಂದು. ಹೇಗೆ ಕೂರುತ್ತೀಯ ಎಂದು ಕೇಳಿದವರು ನೀವೊಬ್ಬರೇ.

ಮೊದಲು ಆ ದೊಗಳೆ ಉಡುಪಿನಲ್ಲೇ ಒಂದೆರಡು ತೊಟ್ಟಿಗೆ ಹೇಗೋ ಇಳಿದಿದ್ದೆನಲ್ಲ, ಅದನ್ನೇ ಕಣ್ಣು ಮುಚ್ಚಿ ನೆನಪಿಸಿಕೊಂಡು ಬರೆಯುತ್ತೇನೆ. ತೂತಿನಲ್ಲಿ ಜಾರಿದ ಮೇಲೆ ಏಣಿ. ಕೆಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರವಿಲ್ಲ. ಒಂದರ ಪಕ್ಕ ಒಂದು ಕಬ್ಬಿಣದ ಪಕ್ಕೆಲುಬುಗಳು, ಅವುಗಳ ನಡುವೆ ಕುಕ್ಕರಗಾಲಿನಲ್ಲಿ ನಡೆಯುತ್ತೇನೆ. ಎಡ ಮೊಣಕಾಲು ಊರುತ್ತೇನೆ. ದೀಪ ಎಡಗೈಯಲ್ಲಿ, ಗೋಡೆಗೆ ಒರಗಿಸಿ, ಬೆಳಕು ಅಡ್ಡಡ್ಡ ಬೀಳಬೇಕು. ಆಗಲೇ ಬೆಸುಗೆಯ ಸಣ್ಣ ಗುಳಿ ನೆರಳಾಗಿ ಕಾಣುವುದು. ಬಲಗೈ ಯಾವಾಗಲೂ ತಲೆಯ ಮೇಲೆ, ಯಾಕೆಂದರೆ ಸೂರಿನ ಬೆಸುಗೆ ಮುಟ್ಟಿ ನೋಡಬೇಕು. ಜೇಬು ಎದೆಯ ಮೇಲಿದ್ದರೆ ತೆವಳುವಾಗ ಒತ್ತುತ್ತದೆ, ತೊಡೆಯ ಹೊರಬದಿಗೆ ಇರಲಿ. ಸೀಮೆಸುಣ್ಣ ಅಲ್ಲಿ ಇಟ್ಟುಕೊಳ್ಳುತ್ತೇನೆ. ನಿಮ್ಮದೂ ಸೀಮೆಸುಣ್ಣ, ನನ್ನದೂ ಸೀಮೆಸುಣ್ಣ, ನೋಡಿ.

ಇದು ಅಳತೆಗೆ ಬೇಡದ್ದು, ಆದರೂ ಬರೆಯುತ್ತೇನೆ. ಒಳಗೆ ಕೂತಾಗ ಹೊರಗಿನ ಬಡಿತವೆಲ್ಲ ಕಬ್ಬಿಣದ ಮೂಲಕ ಬಂದು ಬೆನ್ನಿಗೆ ತಾಗುತ್ತದೆ, ಕಿವಿಗಲ್ಲ. ಒಂದು ಬೆಸುಗೆಯ ಗೆರೆ ಹಿಡಿದು ಬೆರಳೋಡಿಸುತ್ತ ಹೋಗುತ್ತೇನೆ. ಎಲ್ಲ ಸರಿಯಿದ್ದು ಒಂದು ಕಡೆ ಸ್ವಲ್ಪ ತಗ್ಗು. ಅಲ್ಲಿ ಗುರುತು ಹಾಕುತ್ತೇನೆ. ನಾನು ಗುರುತು ಹಾಕಿದ ಜಾಗವನ್ನು ಅವರು ಕೆರೆದು ಮತ್ತೆ ಬೆಸೆಯಬೇಕು. ನಾಳೆ ಆ ಗೋಡೆಯ ಆಚೆ ಸಮುದ್ರ ಇರುತ್ತದೆ ಅತ್ತಿಗೆ. ಆಗ ಒಳಗೆ ಮಲಗಿರುವ ಯಾರಿಗೂ ನಾನು ಅಲ್ಲಿ ಕೂತಿದ್ದೆ ಎಂದು ಗೊತ್ತಿರುವುದಿಲ್ಲ. ನನಗೆ ಗೊತ್ತಿರುತ್ತದೆ.

ಕಚೇರಿಯ ಕಿಟಕಿಯಿಂದ ಹಡಗು ಕಾಣುತ್ತದೆ. ನಕ್ಷೆಗೆ ಸಂಖ್ಯೆ ಹಾಕುತ್ತ ಹಾಕುತ್ತ ಅದನ್ನೇ ನೋಡುತ್ತಿರುತ್ತೇನೆ. ತವರು ಬೀದಿಯಲ್ಲೇ ಇದ್ದೂ ಮನೆಯೊಳಗೆ ಹೋಗಲಾಗದವಳ ಹಾಗೆ.

ನಿಮ್ಮ ಇಕ್ಕಳ


ಏಪ್ರಿಲ್ 10

ಅತ್ತಿಗೆ,

ಯಾಕೆ ಕಾಗದವಿಲ್ಲ? ಹುಷಾರಾಗಿದ್ದೀರಾ? ನನ್ನ ಹಿಂದಿನ ಕಾಗದ ಸಿಕ್ಕಿತೋ ಇಲ್ಲವೋ? ಅಣ್ಣನಿಗೆ ಫೋನ್ ಮಾಡಿದೆ. "ಹೊಲೀತಾ ಇರ್ತಾಳೆ, ಏನು ಹೊಲೀತಾಳೋ ಗೊತ್ತಿಲ್ಲ," ಎಂದ.

ಮೇಸ್ತ್ರಿ ನಿನ್ನೆ ಕಚೇರಿಗೆ ಬಂದು "ಬಟ್ಟೆ ಬಂತೇನಮ್ಮಾ?" ಎಂದ. ವ್ಯಂಗ್ಯವೋ ಕಾಳಜಿಯೋ ತಿಳಿಯಲಿಲ್ಲ. ಇನ್ನು ಮೂರು ವಾರವೂ ಇಲ್ಲ.

ಆಗದಿದ್ದರೆ ಆಗಲಿಲ್ಲ ಎಂದು ಬರೆದುಬಿಡಿ. ನಿಮ್ಮ ಮೇಲೆ ಬೇಸರವಿಲ್ಲ. ಪೆಟ್ಟಿಗೆ ಕಟ್ಟುತ್ತೇನೆ.

ಇಕ್ಕಳ


ಏಪ್ರಿಲ್ 13

ಪ್ರೀತಿಯ ಇಕ್ಕಳ,

ಉಡುಪು ಇದರ ಜೊತೆಗಿದೆ. ಕಂಕುಳಲ್ಲೂ ಕಾಲ ಕವಲಿನಲ್ಲೂ ಚೌಕ ತುಂಡು ಕೊಟ್ಟಿದ್ದೇನೆ, ಹರಿದದ್ದರಿಂದ ತೆಗೆದದ್ದು, ಬಣ್ಣ ಬೇರೆಯಾಗಿ ಕಾಣುವುದಿಲ್ಲ. ಬೆನ್ನಲ್ಲಿ ಎರಡು ನೆರಿಗೆ ಮಡಿಸಿಟ್ಟಿದ್ದೇನೆ. ನಿಂತಾಗ ಮುಚ್ಚಿರುತ್ತವೆ, ಬಲಗೈ ಎತ್ತಿದರೆ ಬಿಚ್ಚಿಕೊಳ್ಳುತ್ತವೆ. ಎಡ ಮೊಣಕಾಲಿಗೆ ಎರಡು ಪದರ. ಜೇಬು ನೀನು ಹೇಳಿದ ಕಡೆ. ಹಿಂದಿನ ಗುಂಡಿ ಮೊದಲಿನಂತೆಯೇ. ನಿಂತುಕೊಂಡರೆ ಚೆಂದ ಕಾಣುವುದಿಲ್ಲ, ಅಲ್ಲಲ್ಲಿ ಉಬ್ಬಿದ ಹಾಗಿರುತ್ತದೆ. ನಿಲ್ಲಬೇಡ.

ತಡವಾಯಿತು. ದಪ್ಪ ದಾರ ಸಿಗಲಿಲ್ಲ ಎಂದು ಬರೆಯೋಣ ಅಂತಿದ್ದೆ. ಸಿಕ್ಕಿತ್ತು.

ಹೊಲಿದು ಮುಗಿಸಿ ಒಂದು ವಾರ ಮಡಿಸಿಟ್ಟಿದ್ದೆ, ಕಳಿಸಿದರೆ ನೀನು ಬರುವುದಿಲ್ಲವಲ್ಲ ಎಂದು. ನಿನ್ನೆ ನಿನ್ನ ಕಾಗದ ಬಂತು. ನಾನು ನಲ್ಲಿಯ ಹತ್ತಿರವಿದ್ದಾಗ ಅತ್ತೆ ಉಡುಪನ್ನು ತೆಗೆದು ಇಸ್ತ್ರಿ ಮಾಡಲು ಹಾಸಿದ್ದರು. ತಿರುಗಿಸಿ ಹಾಕುವಾಗ ಹಿಂಭಾಗದ ಗುಂಡಿ ಕೈಗೆ ಸಿಕ್ಕಿತು.

"ಇದ್ಯಾಕೆ ಇಲ್ಲಿ ಬಿಚ್ಚುತ್ತೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಜ್ವರದ್ದೂ ಹೇಳಿದೆ, ನೀರು ಕುಡಿಯದೆ ಇದ್ದದ್ದೂ ಹೇಳಿದೆ. ಅತ್ತೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಕೂತರು. "ಇಷ್ಟು ಕಷ್ಟಪಟ್ಟೂ ಅಲ್ಲೇ ಇರಬೇಕು ಅಂತಾಳಾ?" ಎಂದು ಕೇಳಿದರು. ನಾನು ಮಾರ್ಚ್ ತಿಂಗಳ ನಿನ್ನ ಕಾಗದ ತಂದು, ಸಮುದ್ರದ ಭಾಗ ಓದಿದೆ. ಹಾರಲಿಲ್ಲ.

ಎದ್ದು ಇಸ್ತ್ರಿ ಮುಗಿಸಿದರು. ನೆರಿಗೆಯನ್ನು ನನಗಿಂತ ಚೆನ್ನಾಗಿ ಕೂರಿಸಿದ್ದಾರೆ, ನೋಡು. ಏನು ಬರೆಯಲಿ ಎಂದು ಕೇಳಿದ್ದಕ್ಕೆ ಹೇಳಿದ್ದು: "ನೀರು ಕುಡಿ ಅಂತ ಬರಿ. ಬೇರೇನೂ ಬರೀಬೇಡ."

ನಿನ್ನ ಅತ್ತಿಗೆ


ಮೇ 4

ಅತ್ತಿಗೆ, ಅಮ್ಮ,

ಇದನ್ನು ಇಬ್ಬರೂ ಕೂತು ಓದಿ.

ಎಲ್ಲ ತೊಟ್ಟಿಗೂ ಇಳಿದೆ. ಕೊನೆಯದು ಹಡಗಿನ ಮೂತಿಯ ಹತ್ತಿರದ್ದು, ತುಂಬ ಇಕ್ಕಟ್ಟು. ಮೇಸ್ತ್ರಿ ಮೇಲೆ ತೂತಿನ ಬಾಯಲ್ಲಿ ಕೂತು ನೋಡುತ್ತಿದ್ದ. ಕೈ ಎತ್ತಿ ಜಾರಿದೆ. ಬೆನ್ನ ಮೇಲೆ ನೆರಿಗೆ ಬಿಚ್ಚಿಕೊಂಡದ್ದು ಗೊತ್ತಾಯಿತು, ಯಾರೋ ಹಿಂದಿನಿಂದ ಕೈ ಬಿಟ್ಟ ಹಾಗೆ. ಆಮೇಲೆ ಬಟ್ಟೆಯ ನೆನಪೇ ಬರಲಿಲ್ಲ. ಹೊರಗೆ ಬಂದಾಗ ಮೇಸ್ತ್ರಿ, "ನಾನು ಹಟ ಬಿಡು ಅಂದಿದ್ದೆ. ಒಳ್ಳೇದಾಯ್ತು ಬಿಡ್ಲಿಲ್ಲ," ಎಂದು ಹೇಳಿ ಬೇರೆ ಕಡೆ ನೋಡಿದ. ನನ್ನನ್ನು ಉಳಿಸಿಕೊಂಡಿದ್ದಾರೆ.

ಉಗ್ರಾಣದವರು ಮಾತ್ರ ಬದಲಾಗಿಲ್ಲ. ಹೊಸದಾಗಿ ಸೇರಿದ ಹುಡುಗಿಗೂ ಅದೇ ಗಂಡಸರ ಚಿಕ್ಕದನ್ನೇ ಕೊಟ್ಟರು. ಅವಳು ನನ್ನ ಹಿಂದೆ ಹಿಂದೆ ತಿರುಗುತ್ತ, "ಅಕ್ಕ, ನಿಮ್ಮ ಟೈಲರ್ ಎಲ್ಲಿ ಸಿಗ್ತಾರೆ?" ಎನ್ನುತ್ತಾಳೆ. ಮನೆಯಲ್ಲಿ ಸಿಗುತ್ತಾರೆ ಎಂದೆ.

ಇನ್ನೊಂದು ವಿಷಯ. ಈ ಹಡಗು ನೀರಿಗಿಳಿಯುವವರೆಗೆ ರಜೆ ಇಲ್ಲ. ಆಮೇಲೆ ಅದರ ಜೊತೆಗೇ ಇನ್ನೊಂದು ಬಂದರಿಗೆ ಹೋಗಬೇಕು. ಮುಂದಿನ ಬೇಸಿಗೆಯೋ, ಅದರ ಮುಂದಿನದೋ. ಹಿಂದಿನ ಮೆಟ್ಟಿಲ ಮೇಲೆ ಈಗ ಯಾರು ಕೂರುತ್ತಾರೆ?

ನಿಮ್ಮ ಇಕ್ಕಳ


ಮೇ 17

ಪ್ರೀತಿಯ ಇಕ್ಕಳ,

ಇಬ್ಬರೂ ಕೂತು ಓದಿದೆವು. ಎರಡು ಸಲ. ಎರಡನೆಯ ಸಲ ಅತ್ತೆ "ಮೇಸ್ತ್ರಿ ಏನಂದ ಅಂತ ಮತ್ತೆ ಓದು" ಎಂದರು. ದೊಡ್ಡ ಟೀಚರಮ್ಮನ ಮನೆಗೆ ತಾವೇ ಹೋಗಿ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಂದರು. ಬರುವಾಗ ಕಣ್ಣು ಕೆಂಪಾಗಿತ್ತು. ಬಿಸಿಲು ಎಂದರು. ನಾನೂ ಬಿಸಿಲು ಎಂದೆ.

ಆ ಹುಡುಗಿಯ ಉಡುಪು ಕಳಿಸು. ನನ್ನ ಹತ್ತಿರ ಬರಲಾಗದಿದ್ದರೆ ಅಳತೆ ನೀನೇ ತೆಗೆ. ಹೇಗೆ ತೆಗೆಯಬೇಕು ಎಂದು ನಿನಗೀಗ ಹೇಳಬೇಕಿಲ್ಲ.

ಹಿಂದಿನ ಮೆಟ್ಟಿಲ ಮೇಲೆ ಯಾರೂ ಕೂರುವುದಿಲ್ಲ. ನಾನೊಬ್ಬಳೇ ಕೂತರೆ ಯಾರಿಗೋ ಕಾಯುತ್ತಿರುವ ಹಾಗೆ ಕಾಣುತ್ತದೆ ಎಂದು ನಿಮ್ಮಣ್ಣ ಒಂದು ಸಲ ಹೇಳಿದರು. ಆಮೇಲೆ ಕೂತಿಲ್ಲ.

ನೀನು ಹೋದ ಮೇಲೆ ಈ ಮನೆಯಲ್ಲಿ ಕೆಟ್ಟದ್ದನ್ನೇನೂ ರಿಪೇರಿಗೆ ಕೊಟ್ಟಿಲ್ಲ. ನಿನಗೆ ಬರೆದಿರಲಿಲ್ಲ. ಗೋಡೆ ಗಡಿಯಾರ ನಿಂತಿತು, "ಇಕ್ಕಳ ಬರ್ತಾಳಲ್ಲ, ಬಿಡು" ಎಂದರು ಅತ್ತೆ. ಫ್ಯಾನು ಕಿರುಗುಟ್ಟಿತು, "ಇಕ್ಕಳ ಬರ್ತಾಳಲ್ಲ." ಬಚ್ಚಲಿನ ನಲ್ಲಿ ತೊಟ್ಟಿಕ್ಕಲು ಶುರುವಾದದ್ದು ನೀನು ಹೋದ ವಾರವೇ. ನಿಮ್ಮಣ್ಣ ಕೊಳಾಯಿಯವನನ್ನು ಕರೆಯಲು ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಕೆಳಗೆ ಒಂದು ಬಕೆಟ್ ಇಟ್ಟೆವು. ತುಂಬಿದರೆ ಚೆಲ್ಲಿ ಮತ್ತೆ ಇಡುತ್ತಿದ್ದೆವು. ಆ ಸದ್ದು ನನಗೂ ಅಭ್ಯಾಸವಾಗಿತ್ತು. ನಿಲ್ಲದೆ ಇದ್ದರೆ ನೀನು ಬರಲೇಬೇಕು ಎಂದು ನಾನೂ ಲೆಕ್ಕ ಹಾಕಿಕೊಂಡಿದ್ದೆನೋ ಏನೋ.

ಇವತ್ತು ಬೆಳಿಗ್ಗೆ ಅತ್ತೆ ಬಕೆಟ್ ಚೆಲ್ಲಲು ಹೋದವರು ಅದನ್ನು ಮತ್ತೆ ಇಡಲಿಲ್ಲ. ಕೈಯಲ್ಲೇ ಹಿಡಿದು ನಿಂತು, "ನೀನೇ ಬಿಚ್ಚು, ನೋಡೋಣ," ಎಂದರು. ನಿನ್ನ ಸ್ಪ್ಯಾನರ್ ಹುಡುಕಿ ತಂದೆ. ಮೊದಲು ತಪ್ಪು ಕಡೆ ತಿರುಗಿಸಿದೆ, ಮುಖದ ತುಂಬ ನೀರು. ಆಮೇಲೆ ಮೇಲಿನ ಕೊಳಾಯಿ ಮುಚ್ಚಿ ಬಿಚ್ಚಿದೆ. ಒಳಗೆ ಸವೆದು ಹೋದ ಒಂದು ರಬ್ಬರ್ ಬಿಲ್ಲೆ, ಗುಂಡಿಯಷ್ಟು. ಹಳೆಯ ಚಪ್ಪಲಿಯ ಅಟ್ಟೆಯಲ್ಲಿ ಅಷ್ಟೇ ಅಳತೆಗೆ ಒಂದು ಕತ್ತರಿಸಿ ಹಾಕಿ ಬಿಗಿ ಮಾಡಿದೆ.

ಅತ್ತೆಯೂ ನಾನೂ ಸ್ವಲ್ಪ ಹೊತ್ತು ನಲ್ಲಿಯನ್ನೇ ನೋಡುತ್ತ ನಿಂತಿದ್ದೆವು. ಹನಿ ಬೀಳಲಿಲ್ಲ.

ನಿನ್ನ ಅತ್ತಿಗೆ